ಅತಿಭಾರಾರೋಪಣ: ಒಂದು ಮರುವಿಚಾರ

ನಮ್ಮ ಬಸದಿಗಳ ಪಾಠಶಾಲೆಗಳಲ್ಲಿ ಮಕ್ಕಳಿಗೆ ಅಹಿಂಸಾಣುವ್ರತದ ಐದು ಅತಿಚಾರಗಳನ್ನು ಕಂಠಪಾಠ ಮಾಡಿಸುವ ರೂಢಿಯಿದೆ. ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ ಎಂದು ಮಕ್ಕಳು ತಡವರಿಸದೆ ಹೇಳುತ್ತಾರೆ. ನಾಲ್ಕನೆಯದರ ಅರ್ಥವೇನೆಂದು ಕೇಳಿದರೆ, ಎತ್ತಿನ ಮೇಲೆ ಹೆಚ್ಚು ಹೊರೆ ಹೇರಬಾರದೆಂಬ ಉತ್ತರವು ಚಿಕ್ಕವರಿಂದಲೂ ದೊಡ್ಡವರಿಂದಲೂ ಒಂದೇ ರೀತಿಯಾಗಿ ಬರುತ್ತದೆ. ಉತ್ತರವು ತಪ್ಪಲ್ಲ. ಕಬ್ಬಿನ ಹಂಗಾಮಿನಲ್ಲಿ ನಮ್ಮ ರಸ್ತೆಗಳಲ್ಲಿ ತೇಕುತ್ತ ಸಾಗುವ ಜೋಡೆತ್ತುಗಳನ್ನು ಕಂಡವರಿಗೆ ಅದರ ಅಗತ್ಯವನ್ನು ವಿವರಿಸಬೇಕಾಗಿಲ್ಲ. ಆದರೆ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲೂಕುಗಳ ಶ್ರಾವಕ ಕುಟುಂಬಗಳಲ್ಲಿ ಹೆಚ್ಚಿನವರ ಹೊರೆಯನ್ನು ಇಂದು ಹೊರುತ್ತಿರುವವರು ಎತ್ತುಗಳಲ್ಲ, ಮನುಷ್ಯರು. ಅಂಗಡಿಯ ದಿವಾನಜಿ, ಬಜಾರಿನ ಹಮಾಲ, ತಂಬಾಕಿನ ವಖಾರಿಯ ಹೆಣ್ಣಾಳು, ಕಬ್ಬು ಕಡಿಯುವ ಗಂಡಹೆಂಡಿರ ಜೋಡಿ, ಪತ್ತಿನ ಸಂಘದ ಗುಮಾಸ್ತ, ಬಸದಿಯ ಉಪಾಧ್ಯೆ ಇವರೆಲ್ಲರ ದಿನಚರಿಯು ನಮ್ಮಂಥವರ ಒಂದು ಮಾತಿನ ಮೇಲೆ ನಿಂತಿದೆ.

ಕೆಲಸಕ್ಕೂ ಬದುಕಿಗೂ ನಡುವೆ ಸಮತೋಲನವಿರಬೇಕು, ಅದನ್ನು ಕಾಪಾಡುವುದು ಮುಂದಾಳುವಿನ ಹೊಣೆ ಎಂಬ ಮಾತನ್ನು ಈಗ ದೊಡ್ಡ ಕಂಪನಿಗಳ ಸಭೆಗಳಲ್ಲಿ ಕೇಳುತ್ತೇವೆ. ಇದು ಪರದೇಶದಿಂದ ಬಂದ ಶೋಕಿಯೆಂದು ನಮ್ಮ ವ್ಯಾಪಾರಿ ಬಂಧುಗಳಲ್ಲಿ ಹಲವರ ಅಭಿಪ್ರಾಯ. ಅದು ನಮ್ಮ ಶ್ರಾವಕಾಚಾರದ ಒಳಗೇ ಇದೆಯೆಂದೂ, ನಾವು ಅದನ್ನು ಎತ್ತಿನ ಹೆಗಲಿಗೆ ಮಾತ್ರ ಸೀಮಿತಗೊಳಿಸಿ ಓದುತ್ತ ಬಂದಿದ್ದೇವೆಂದೂ ತೋರಿಸುವುದು ಈ ಲೇಖನದ ಉದ್ದೇಶ.

ಗ್ರಂಥಗಳು ಹೇಳುವುದೇನು?

ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಈ ಅತಿಚಾರಗಳ ಪಟ್ಟಿಯಿದೆ. ಸೂತ್ರದಲ್ಲಿ ಎತ್ತಿನ ಹೆಸರಿಲ್ಲ, ಮನುಷ್ಯನ ಹೆಸರೂ ಇಲ್ಲ. ಹೊರೆಯ ಮಾತು ಮಾತ್ರ ಇದೆ. ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಇದನ್ನು ವಿವರಿಸುವಾಗ, ನ್ಯಾಯವಾದ ಭಾರಕ್ಕಿಂತ ಮಿಗಿಲಾದುದನ್ನು ಹೊರಿಸುವುದೇ ದೋಷವೆಂಬ ಅರ್ಥ ಬರುವಂತೆ ಬರೆದಿದ್ದಾರೆ. ‘ನ್ಯಾಯವಾದ’ ಎಂಬ ವಿಶೇಷಣವು ಇಲ್ಲಿ ಬಹು ಮುಖ್ಯ. ಹೊರಬಲ್ಲಷ್ಟು ಎಂದು ಅವರು ಹೇಳಲಿಲ್ಲ. ಒಬ್ಬನು ಹೊರಬಲ್ಲನೆಂದ ಮಾತ್ರಕ್ಕೆ ಆ ಹೊರೆಯು ನ್ಯಾಯವಾದುದೆಂದು ಆಗುವುದಿಲ್ಲ. ಆದರೆ ಅನ್ನಪಾನನಿರೋಧವನ್ನು ವಿವರಿಸುವಾಗ ಅವರು ಗೋವು ಮೊದಲಾದವುಗಳ ಉದಾಹರಣೆಯನ್ನು ಕೊಟ್ಟಿದ್ದಾರೆ. ಅಂದಿನ ಕೃಷಿಸಮಾಜದಲ್ಲಿ ಅದು ಸಹಜವಾದ ಉದಾಹರಣೆ. ಮುಂದಿನ ಪ್ರವಚನಕಾರರು ಉದಾಹರಣೆಯನ್ನೇ ವ್ಯಾಖ್ಯೆಯನ್ನಾಗಿ ಹಿಡಿದು ಎರಡೂ ಅತಿಚಾರಗಳನ್ನು ದನಕರುಗಳಿಗೆ ಸೀಮಿತಗೊಳಿಸಿದರು. ನನ್ನ ಮೊದಲ ಆಕ್ಷೇಪವಿರುವುದು ಇಲ್ಲಿಯೇ.

ಸಮಂತಭದ್ರರ ರತ್ನಕರಂಡಕ ಶ್ರಾವಕಾಚಾರವನ್ನು ನೋಡಿದರೆ ವಿಷಯವು ಇನ್ನೂ ಸ್ಪಷ್ಟವಾಗುತ್ತದೆ. ಅವರು ಅತಿಭಾರದ ದೋಷವನ್ನು ಒಮ್ಮೆಯಲ್ಲ, ಎರಡು ಬಾರಿ ಎಣಿಸಿದ್ದಾರೆ. ಅಹಿಂಸಾಣುವ್ರತದ ಅತಿಚಾರಗಳಲ್ಲಿ ಅದು ಬರುತ್ತದೆ. ಪರಿಗ್ರಹಪರಿಮಾಣ ವ್ರತದ ಅತಿಚಾರಗಳಲ್ಲಿ, ಅತಿಸಂಗ್ರಹ ಮತ್ತು ಲೋಭಗಳ ಜೊತೆಯಲ್ಲಿ ಮತ್ತೆ ಬರುತ್ತದೆ. ಶಕ್ತಿಮೀರಿ ನಡೆಸುವ ಅತಿವಾಹನವೂ ಅದೇ ಪಟ್ಟಿಯಲ್ಲಿದೆ. ತತ್ತ್ವಾರ್ಥಸೂತ್ರದ ಪರಿಗ್ರಹಪ್ರಕರಣದಲ್ಲಿ ಇದು ಇಲ್ಲ. ಈ ವ್ಯತ್ಯಾಸವು ಆಕಸ್ಮಿಕವೆಂದು ನನಗೆ ತೋರುವುದಿಲ್ಲ. ಹೊರೆ ಹೇರುವವನು ಎಲ್ಲ ಸಂದರ್ಭಗಳಲ್ಲೂ ಕ್ರೂರಿಯಾಗಿರುವುದಿಲ್ಲ. ಅವನು ಮೃದುಭಾಷಿಯಾಗಿರಬಹುದು, ದಾನಿಯೂ ಆಗಿರಬಹುದು. ಅವನ ಕೈಯಿಂದ ಹೊರೆ ಹೇರಿಸುವುದು ಕ್ರೌರ್ಯವಲ್ಲ, ಇನ್ನಷ್ಟು ಬೇಕೆಂಬ ಆಸೆ. ಆಳನ್ನು ಬೈಯುವುದಿಲ್ಲ, ಹೊಡೆಯುವುದಿಲ್ಲ ಎಂಬ ಕಾರಣಕ್ಕೆ ನಾವು ಈ ಅತಿಚಾರದಿಂದ ಮುಕ್ತರೆಂದು ತಿಳಿದರೆ ಸಮಂತಭದ್ರರನ್ನು ಅರ್ಧವಷ್ಟೇ ಓದಿದಂತಾಯಿತು.

ಒಂದು ಮಾತನ್ನು ಮುಚ್ಚಿಡದೆ ಹೇಳಬೇಕು. ತತ್ತ್ವಾರ್ಥಸೂತ್ರದ ಪರಿಗ್ರಹಪ್ರಕರಣವು ಹೊಲ, ಮನೆ, ಬೆಳ್ಳಿ, ಬಂಗಾರ, ಧನಧಾನ್ಯಗಳ ಸಾಲಿನಲ್ಲಿಯೇ ದಾಸಿಯರನ್ನೂ ದಾಸರನ್ನೂ ಎಣಿಸಿದೆ. ಅದು ಅಂದಿನ ಕಾಲದ ವ್ಯವಸ್ಥೆ. ಸಂಬಳಕ್ಕೆ ದುಡಿಯುವವನು ಇಂದು ನಮ್ಮ ಆಸ್ತಿಯಲ್ಲ. ಅವನು ಮಾರಿರುವುದು ದಿನದ ಕೆಲವು ಗಂಟೆಗಳನ್ನು ಮಾತ್ರ. ಶಾಸ್ತ್ರದ ಗೌರವವನ್ನು ಉಳಿಸಿಕೊಂಡೇ ಈ ಭೇದವನ್ನು ಒಪ್ಪಿಕೊಳ್ಳಬೇಕು. ಹಳೆಯ ಕಣ್ಣಿನಿಂದ ನೋಡಿದರೆ ಆಳಿನ ವಿಶ್ರಾಂತಿಯು ಒಡೆಯನ ಕೃಪೆಯಂತೆ ಕಾಣುತ್ತದೆ. ವಾಸ್ತವವಾಗಿ ಅದು ಅವನದೇ ಸ್ವತ್ತು.

ತಾನೇ ಎತ್ತಿ ತಾನೇ ಇಳಿಸುವಷ್ಟು

ಹಾಗಾದರೆ ನ್ಯಾಯವಾದ ಹೊರೆಯ ಅಳತೆ ಯಾವುದು? ಇದಕ್ಕೆ ನನಗೆ ದೊರೆತ ಅತ್ಯಂತ ಸಮರ್ಪಕವಾದ ಉತ್ತರವು ಶ್ವೇತಾಂಬರ ಪರಂಪರೆಯ ಆವಶ್ಯಕ ಸೂತ್ರದ ಹಳೆಯ ವ್ಯಾಖ್ಯಾನಗಳಲ್ಲಿದೆ. ನಾವು ದಿಗಂಬರರಾದರೂ ಒಳ್ಳೆಯ ಮಾತನ್ನು ಎಲ್ಲಿಂದಲಾದರೂ ಸ್ವೀಕರಿಸಬಹುದು. ಇತರರಿಂದ ಹೊರೆ ಹೊರಿಸಿ ಬದುಕುವ ವೃತ್ತಿಯನ್ನು ಶ್ರಾವಕನು ಮೊದಲು ಬಿಡಲು ಯತ್ನಿಸಬೇಕು. ಬಿಡಲಾಗದಿದ್ದರೆ ಮನುಷ್ಯನ ಮೇಲೆ ಅವನು ತಾನೇ ಎತ್ತಿಕೊಂಡು ತಾನೇ ಕೆಳಗಿಳಿಸಬಲ್ಲಷ್ಟು ಹೊರೆಯನ್ನು ಮಾತ್ರ ಇಡಬೇಕು. ಪಶುವಿಗೆ ರೂಢಿಗಿಂತ ಕಡಿಮೆ ಹೇರಬೇಕು, ನೇಗಿಲಿನಿಂದಲೂ ಗಾಡಿಯಿಂದಲೂ ಹೊತ್ತಿಗೆ ಸರಿಯಾಗಿ ಬಿಚ್ಚಬೇಕು ಎಂಬುದು ಅಲ್ಲಿನ ತಾತ್ಪರ್ಯ. ಅವಲಂಬಿತರು ಉಂಡರೆಂದು ತಿಳಿದ ಮೇಲೆಯೇ ಶ್ರಾವಕನು ಉಣ್ಣಬೇಕೆಂಬುದೂ ಅಲ್ಲಿದೆ.

ನನ್ನ ಬಾಲ್ಯದಲ್ಲಿ ನಮ್ಮ ಅಂಗಡಿಯ ಮುಂದೆ ಕ್ವಿಂಟಲ್ ತೂಕದ ಚೀಲಗಳು ಇಳಿಯುತ್ತಿದ್ದವು. ಇಬ್ಬರು ಹಿಡಿದು ಮೂರನೆಯವನ ಬೆನ್ನಿಗೆ ಏರಿಸುತ್ತಿದ್ದರು. ಒಳಗೆ ಮತ್ತಿಬ್ಬರು ನಿಂತು ಇಳಿಸಿಕೊಳ್ಳುತ್ತಿದ್ದರು. ಹೊತ್ತವನು ನಡುವೆ ತಾನಾಗಿ ನಿಲ್ಲುವಂತಿರಲಿಲ್ಲ, ಇಳಿಸುವಂತಿರಲಿಲ್ಲ. ಮೇಲಿನ ಲಕ್ಷಣದ ಪ್ರಕಾರ ಅದು ಅತಿಭಾರವೇ. ಈಗ ಬರುವ ಚೀಲಗಳಲ್ಲಿ ಹೆಚ್ಚಿನವು 50 ಕಿಲೋ ತೂಕದವು.

ಈ ಲಕ್ಷಣದಲ್ಲಿ ತೂಕಕ್ಕಿಂತ ಇಳಿಸುವ ಸ್ವಾತಂತ್ರ್ಯಕ್ಕೆ ಹೆಚ್ಚಿನ ಬೆಲೆಯಿದೆ. ಕೆಲಸವು ಭಾರವಾಗಿದ್ದರೂ ಹೊತ್ತವನು ಭಯವಿಲ್ಲದೆ ಅದನ್ನು ಕೆಳಗಿಡಬಲ್ಲನಾದರೆ ಬದುಕಿಗೆ ಜಾಗ ಉಳಿಯುತ್ತದೆ. ಕೆಲಸವು ಹಗುರವಾಗಿದ್ದು, ರಾತ್ರಿ ಹತ್ತು ಗಂಟೆಗೂ ಒಡೆಯನ ಕರೆ ಬಂದೀತೆಂದು ಮೊಬೈಲನ್ನು ದಿಂಬಿನ ಪಕ್ಕದಲ್ಲಿ ಇಟ್ಟುಕೊಂಡು ಮಲಗಬೇಕಾದರೆ ಆ ಹೊರೆಯು ಇಳಿಯಲೇ ಇಲ್ಲ.

ಇನ್ನೊಬ್ಬರ ಮೂಲಕ ನಡೆಯುವ ವ್ರತ

ಇದೇ ಏಳನೆಯ ಅಧ್ಯಾಯದಲ್ಲಿ ದೇಶವ್ರತದ ಅತಿಚಾರಗಳಿವೆ. ಇಷ್ಟು ಜಾಗವನ್ನು ದಾಟುವುದಿಲ್ಲವೆಂದು ಮೇರೆ ಹಾಕಿಕೊಂಡವನು, ತಾನು ಒಳಗೇ ಕುಳಿತು ಹೊರಗಿನ ವಸ್ತುವನ್ನು ತರಿಸುವುದು ಆನಯನ. ಸೇವಕನನ್ನು ಮೇರೆಯಾಚೆ ಕಳುಹಿಸಿ ಕೆಲಸ ಮಾಡಿಸುವುದು ಪ್ರೇಷ್ಯಪ್ರಯೋಗ. ಕೂಗಿಯೋ ಕೆಮ್ಮಿಯೋ ಸೂಚಿಸುವುದು ಶಬ್ದಾನುಪಾತ. ಮುಖ ತೋರಿಸಿ ಸೂಚಿಸುವುದು ರೂಪಾನುಪಾತ. ಕಲ್ಲೋ ಮಣ್ಣೋ ಎಸೆದು ಗಮನ ಸೆಳೆಯುವುದು ಪುದ್ಗಲಕ್ಷೇಪ. ವ್ರತದ ಅಕ್ಷರವನ್ನು ಉಳಿಸಿಕೊಂಡು ಇನ್ನೊಬ್ಬನ ದೇಹದಿಂದ ತನ್ನ ಕೆಲಸವನ್ನು ಸಾಧಿಸುವ ಮನಸ್ಸನ್ನು ಸೂತ್ರಕಾರರು ಎಷ್ಟು ಸೂಕ್ಷ್ಮವಾಗಿ ಬಲ್ಲವರಾಗಿದ್ದರೆಂಬುದು ಆಶ್ಚರ್ಯಕರವಾಗಿದೆ. ಸೂತ್ರದ ಮೂಲ ಚಿಂತೆಯು ವ್ರತಿಯ ಮೇರೆಯನ್ನು ಕುರಿತದ್ದು, ಸೇವಕನ ವಿಶ್ರಾಂತಿಯನ್ನು ಕುರಿತದ್ದಲ್ಲ. ಅದನ್ನು ಸೇವಕನ ಕಡೆಯಿಂದ ನೋಡುವ ವಿಸ್ತರಣೆಯು ನನ್ನದು. ಅದಕ್ಕೆ ಕಾರಣವಾದ ಸಂಗತಿಯನ್ನು ಇಲ್ಲಿ ನಿವೇದಿಸುತ್ತೇನೆ.

ನಮ್ಮ ಅಂಗಡಿಯಲ್ಲಿ ಇಪ್ಪತ್ತು ವರ್ಷಗಳಿಗೂ ಮಿಗಿಲಾಗಿ ದಿವಾನಜಿಯಾಗಿದ್ದವರು ನಮ್ಮ ಧರ್ಮಬಂಧುಗಳೇ. ಅವರು ಕೆಲಸ ಬಿಟ್ಟು ಮನೆಯಲ್ಲಿ ನಿಂತ ಮೇಲೆ ಒಂದು ದಶಲಕ್ಷಣ ಪರ್ವದಲ್ಲಿ ಬಸದಿಯಲ್ಲಿ ಭೇಟಿಯಾದರು. ಈಗ ರಾತ್ರಿಭೋಜನ ತ್ಯಾಗ ಮಾಡಿದ್ದೇನೆ, ದಿನವೂ ಸಾಮಾಯಿಕಕ್ಕೆ ಕೂಡುತ್ತೇನೆ ಎಂದರು. ನಾನು ಸಂತೋಷದಿಂದ, ಮೊದಲೇ ಏಕೆ ಆರಂಭಿಸಲಿಲ್ಲವೆಂದು ಕೇಳಿಬಿಟ್ಟೆ. ಅವರು ನಗುತ್ತಲೇ ಹೇಳಿದರು: “ಸಾವಕಾರ್ರ, ನೀವು ಹೊತ್ತು ಮುಳುಗೂದ್ರಾಗ ಉಣ್ಣಾಕ ಮನಿಗೆ ಹೋಗ್ತಿದ್ರಿ. ಗಲ್ಲಾದ ಮ್ಯಾಲೆ ಯಾರರ ಒಬ್ಬರು ಕೂಡ್ರಬೇಕಲ್ರಿ? ನಮ್ಮ ಮನ್ಯಾಗ ಸಣ್ಣಾಂವ ಇದ್ದಾಗಿಂದ ಇದ್ದ ನೇಮ, ನಿಮ್ಮ ಅಂಗಡಿಗೆ ಬಂದ ಮ್ಯಾಲೆ ಬಿಟ್ಟೆ.”

ಅವರ ಮಾತಿನಲ್ಲಿ ದೂರು ಇರಲಿಲ್ಲ. ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ. ಸೂರ್ಯಾಸ್ತದೊಳಗೆ ಊಟ ಮುಗಿಸಿ 48 ನಿಮಿಷ ಸಾಮಾಯಿಕಕ್ಕೆ ಕೂಡುತ್ತಿದ್ದ ನಾನು, ಅಂಗಡಿಯನ್ನು ಒಂಬತ್ತೂವರೆಯವರೆಗೆ ತೆರೆದಿಡುತ್ತಿದ್ದೆ. ನನ್ನ ವ್ರತವು ಅಷ್ಟು ವರ್ಷ ನಡೆದದ್ದು ಅವರ ವ್ರತದ ವೆಚ್ಚದಲ್ಲಿ. ಪ್ರೇಷ್ಯಪ್ರಯೋಗದ ಅರ್ಥವು ನನಗೆ ಗ್ರಂಥದಿಂದ ಆಗಿರಲಿಲ್ಲ. ಆ ದಿನ ಆಯಿತು. ನಾನು ಅವರಿಗೆ ಸಂಬಳವನ್ನು ಹೊತ್ತಿಗೆ ಸರಿಯಾಗಿ ಕೊಟ್ಟಿದ್ದೆ, ದೀಪಾವಳಿಗೆ ಬಟ್ಟೆಬರೆ ಕೊಟ್ಟಿದ್ದೆ, ಮಕ್ಕಳ ಮದುವೆಗೆ ನೆರವಾಗಿದ್ದೆ. ಕೊಡದೆ ಉಳಿದದ್ದು ಸಂಜೆಯ ಎರಡು ತಾಸು ಮಾತ್ರ. ಅವರಿಗೆ ಬೇಕಾಗಿದ್ದುದು ಅದೇ.

ನಿಪ್ಪಾಣಿಯ ಸಾಕ್ಷಿ

ನಮ್ಮ ಭಾಗದ ದುಡಿಮೆಯ ವಿಚಾರವೆತ್ತಿದರೆ ನಿಪ್ಪಾಣಿಯ ತಂಬಾಕನ್ನು ಬಿಡಲಾಗದು. ಶರದ್ ಜೋಶಿಯವರ ಮುಂದಾಳುತನದಲ್ಲಿ 1981ರಲ್ಲಿ ನಡೆದ ತಂಬಾಕು ಬೆಳೆಗಾರರ ಚಳವಳಿಯನ್ನೂ ಗೋಲಿಬಾರನ್ನೂ ಹಿರಿಯರೆಲ್ಲರೂ ನೆನೆಯುತ್ತಾರೆ. ಆದರೆ ವಖಾರಿಗಳ ಒಳಗೆ ತಂಬಾಕಿನ ಘಾಟು ಮತ್ತು ಧೂಳಿನ ನಡುವೆ ದುಡಿಯುತ್ತಿದ್ದ ಹೆಣ್ಣುಮಕ್ಕಳ ಕಥೆಯನ್ನು ನಾವು ಅಷ್ಟಾಗಿ ಹೇಳುವುದಿಲ್ಲ. ಅದನ್ನು ಹೇಳಿದವರು ಹೊರಗಿನಿಂದ ಬಂದವರು. ದೀಪಾ ಧನರಾಜ್ ಮತ್ತು ಸಂಗಡಿಗರ ‘ಯುಗಾಂತರ್’ ತಂಡವು 1982ರಲ್ಲಿ ‘ತಂಬಾಕೂ ಚಾಕಿಲಾ ಊಬ್ ಆಲಿ’ ಎಂಬ ಕಿರು ಸಾಕ್ಷ್ಯಚಿತ್ರವನ್ನು ನಿಪ್ಪಾಣಿಯ ಕಾರ್ಮಿಕ ಮಹಿಳೆಯರ ಜೊತೆಗೂಡಿ ತಯಾರಿಸಿತು. ಕಾರ್ಖಾನೆಯ ಒಳಗಿನ ದುಡಿಮೆಯನ್ನೂ ಆ ಮಹಿಳೆಯರು ಸಂಘಟಿತರಾದ ಬಗೆಯನ್ನೂ ಅದು ಅವರ ಪಕ್ಷದಿಂದಲೇ ತೋರಿಸುತ್ತದೆ.

ಈ ಚಿತ್ರವು ಏಕಪಕ್ಷೀಯವೆಂದು ವ್ಯಾಪಾರಿಗಳು ಆಕ್ಷೇಪಿಸಬಹುದು. ಒಂದರ್ಥದಲ್ಲಿ ಅದು ನಿಜ. ಮಾರುಕಟ್ಟೆಯ ಏರಿಳಿತ, ಸಾಲದ ಬಡ್ಡಿ, ಸುಂಕದ ಕಾಟ ಮುಂತಾದ ಒಡೆಯನ ಚಿಂತೆಗಳಿಗೆ ಅಲ್ಲಿ ಜಾಗವಿಲ್ಲ. ಆದರೆ ಆ ಚಿಂತೆಗಳನ್ನು ಬರೆದಿಡಲು ನಮ್ಮಲ್ಲಿ ಕೀರ್ದಿ, ಖಾತೆಗಳಿದ್ದವು. ಹೆಣ್ಣಾಳು ಮನೆಗೆ ಮರಳಿ ಒಲೆ ಹೊತ್ತಿಸಿದ ಹೊತ್ತನ್ನು ಬರೆದಿಡುವ ಕಾಲಮು ಯಾವ ಖಾತೆಯಲ್ಲೂ ಇರಲಿಲ್ಲ. ವಾಣಿಜ್ಯ ಪದವಿಯ ನನ್ನ ಓದಿನಲ್ಲಿಯೂ ಅದು ಬರಲಿಲ್ಲ. ಚಿತ್ರದ ಬೆಲೆಯಿರುವುದು ಈ ಕೊರತೆಯನ್ನು ತುಂಬಿದುದರಲ್ಲಿ.

ಇದೇ ನಿಪ್ಪಾಣಿಯ ಓಣಿಗಳಲ್ಲಿ ಮನೆಯಲ್ಲೇ ಕುಳಿತು ಬೀಡಿ ಕಟ್ಟುವ ಸ್ತ್ರೀಯರಿದ್ದಾರೆ. 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯಿದೆಯು ಕಾರ್ಖಾನೆಯಲ್ಲಿ ದಿನಕ್ಕೆ 9, ವಾರಕ್ಕೆ 48 ಗಂಟೆಗಳ ಮಿತಿಯನ್ನು ಹಾಕಿತ್ತು. ಐವತ್ತಕ್ಕಿಂತ ಹೆಚ್ಚು ಹೆಂಗಸರಿದ್ದಲ್ಲಿ ಕೂಸುಗಳಿಗೆ ಪ್ರತ್ಯೇಕ ಕೋಣೆ ಇರಬೇಕೆಂದಿತ್ತು. ಆದರೆ ಸಾವಿರ ಬೀಡಿಗೆ ಇಷ್ಟೆಂದು ಕೂಲಿ ಪಡೆದು ಮನೆಯಲ್ಲಿ ಕಟ್ಟುವವಳಿಗೆ ಗಡಿಯಾರದ ಮಿತಿ ಹೇಗೆ ತಾಗೀತು? ಮಡಿಲಲ್ಲಿ ಮೊರ, ಪಕ್ಕದಲ್ಲಿ ಕೂಸು, ಒಲೆಯ ಮೇಲೆ ಅನ್ನ. 2020ರ ನಂತರ ನಗರದ ಸಾಫ್ಟ್‌ವೇರ್ ನೌಕರರು ಮನೆಯೇ ಕಚೇರಿಯಾಯಿತೆಂದು ದೂರಿದರು. ಆ ಕಷ್ಟವನ್ನು ನಮ್ಮ ಬೀಡಿ ಕಟ್ಟುವ ತಾಯಂದಿರು ತಲೆಮಾರುಗಳಿಂದ ಬಲ್ಲರು.

ಗಂಟೆಗಳ ಲೆಕ್ಕ

2023ರ ಅಕ್ಟೋಬರಿನಲ್ಲಿ ಶ್ರೀ ನಾರಾಯಣಮೂರ್ತಿಯವರು ಯುವಜನರು ವಾರಕ್ಕೆ 70 ಗಂಟೆ ದುಡಿಯಬೇಕೆಂದರು. 2025ರ ಜನವರಿಯಲ್ಲಿ ಎಲ್ ಆಂಡ್ ಟಿ ಸಂಸ್ಥೆಯ ಅಧ್ಯಕ್ಷರು 90 ಗಂಟೆಗಳ, ಭಾನುವಾರವನ್ನೂ ಸೇರಿಸಿದ ದುಡಿಮೆಯ ಮಾತಾಡಿದ್ದು ದೊಡ್ಡ ಚರ್ಚೆಗೆ ಕಾರಣವಾಯಿತು. ವ್ಯಾಪಾರಿಯಾದ ನನಗೆ ಮೊದಲು ತೋಚುವುದು ಲೆಕ್ಕ. ವಾರಕ್ಕೆ 168 ಗಂಟೆ. ದಿನಕ್ಕೆ 8 ಗಂಟೆ ನಿದ್ದೆಯೆಂದರೆ 56 ಹೋಗಿ 112 ಉಳಿಯುತ್ತದೆ. ದುಡಿಮೆ 90 ಆದರೆ ಉಳಿಯುವುದು 22, ದಿನಕ್ಕೆ ಸುಮಾರು 3 ಗಂಟೆ. ಸ್ನಾನ, ದೇವದರ್ಶನ, ಊಟ, ಪ್ರಯಾಣ, ಮಕ್ಕಳ ಓದು, ತಂದೆತಾಯಿಗಳ ಸೇವೆ ಎಲ್ಲವೂ ಆ ಮೂರು ಗಂಟೆಗಳಲ್ಲಿ ಆಗಬೇಕು. 70 ಆದರೆ ದಿನಕ್ಕೆ 6 ಗಂಟೆ ಉಳಿಯುತ್ತದೆ. 48 ಆದರೆ 9ಕ್ಕೂ ಮಿಗಿಲು.

ಈ ಹಿರಿಯರ ಪರಿಶ್ರಮವನ್ನು ನಾನು ಅಲ್ಲಗಳೆಯುವುದಿಲ್ಲ. ನಮ್ಮ ತಂದೆಯವರೂ ಹಗಲಿರುಳು ದುಡಿದೇ ಅಂಗಡಿಯನ್ನು ಕಟ್ಟಿದರು. ಆದರೆ ಅವರು ಕಟ್ಟಿದ್ದು ತಮ್ಮ ಅಂಗಡಿಯನ್ನು. ತಾನಾಗಿ ಎತ್ತಿಕೊಂಡ ಹೊರೆಗೂ ಇನ್ನೊಬ್ಬನ ಮೇಲೆ ಆರೋಪಿಸಿದ ಹೊರೆಗೂ ವ್ಯತ್ಯಾಸವಿದೆ; ಶಾಸ್ತ್ರವು ‘ಆರೋಪಣ’ವೆಂಬ ಶಬ್ದವನ್ನು ಸುಮ್ಮನೆ ಬಳಸಿಲ್ಲ. ಉಪವಾಸವನ್ನು ತಾನು ಕೈಗೊಂಡರೆ ತಪ, ಆಳಿಗೆ ವಿಧಿಸಿದರೆ ಅನ್ನಪಾನನಿರೋಧ. ದುಡಿಮೆಯ ವಿಷಯದಲ್ಲಿಯೂ ಹಾಗೆಯೇ.

ಸರಕಾರಗಳೂ ಈ ಮೇರೆಯನ್ನು ಗುರುತಿಸತೊಡಗಿವೆ. ಕೆಲಸದ ಹೊತ್ತು ಮುಗಿದ ಮೇಲೆ ಕರೆಗೆ ಓಗೊಡದಿರುವ ಹಕ್ಕನ್ನು ಫ್ರಾನ್ಸ್ 2017ರಲ್ಲಿಯೂ ಆಸ್ಟ್ರೇಲಿಯ 2024ರಲ್ಲಿಯೂ ಜಾರಿಗೆ ತಂದವು. ನಮ್ಮ ರಾಜ್ಯದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ 1961ರ ಕಾಯಿದೆಯೇ ದಿನಕ್ಕೆ 9, ವಾರಕ್ಕೆ 48 ಗಂಟೆಗಳ ಮಿತಿಯನ್ನೂ ವಾರಕ್ಕೊಂದು ರಜೆಯನ್ನೂ ಹೇಳಿದೆ. ಕಾಯಿದೆಯು ಅಂಜಿಕೆಯಿಂದ ಮಾಡಿಸುವುದನ್ನು ಅಣುವ್ರತಿಯು ಅರಿವಿನಿಂದ ಮಾಡಬೇಕಲ್ಲವೆ?

ಮಾಡಬಹುದಾದುದು

ಸಣ್ಣ ವ್ಯಾಪಾರಕ್ಕೆ ಇದು ಹೊರೆಯೆಂಬ ಆಕ್ಷೇಪವನ್ನು ಹಗುರವಾಗಿ ಕಾಣಬಾರದು. ದಿವಾನಜಿಯವರ ಮಾತನ್ನು ಕೇಳಿದ ಮೇಲೆ ನಾವು ಅಂಗಡಿಯನ್ನು ಎಂಟಕ್ಕೆ ಮುಚ್ಚತೊಡಗಿದೆವು. ಸೂರ್ಯಾಸ್ತಕ್ಕೆ ಮೊದಲು ಉಣ್ಣುವ ನೇಮವಿರುವವರಿಗೆ, ಅವರು ಯಾರೇ ಆಗಿರಲಿ, ಸರದಿಯ ಮೇಲೆ ಅರ್ಧ ತಾಸು ಬಿಡುವು ಕೊಟ್ಟೆವು. ಆ ಹೊತ್ತಿನಲ್ಲಿ ಗಲ್ಲಾದ ಮೇಲೆ ನಾನೋ ನನ್ನ ಮಗನೋ ಕೂಡುತ್ತೇವೆ. ಕೆಲವು ಗಿರಾಕಿಗಳು ಬೇರೆ ಅಂಗಡಿಗೆ ಹೋದರು. ಅವರಲ್ಲಿ ಕೆಲವರು ಮರಳಿದರು, ಕೆಲವರು ಮರಳಲಿಲ್ಲ. ಆದಾಯವು ತುಸು ಕಡಿಮೆಯಾದದ್ದು ನಿಜ. ಪರಿಗ್ರಹಕ್ಕೆ ಪರಿಮಾಣ ಹಾಕಿಕೊಂಡವನಿಗೆ ಎಲ್ಲಿಯಾದರೂ ಒಂದು ಕಡೆ ಕಡಿಮೆಯಾಗಲೇಬೇಕು. ನಮ್ಮಲ್ಲಿ ಅದು ಇಲ್ಲಿ ಆಯಿತು.

ಹಂಗಾಮಿನ ಕೆಲಸಕ್ಕೆ ಬೇರೆ ವಿವೇಕ ಬೇಕು. ಕಾರ್ಖಾನೆಗಳು ಕಬ್ಬು ನುರಿಸುವ ತಿಂಗಳುಗಳಲ್ಲಿ ಕೆಲಸವು ನಿಲ್ಲದು. ಮಾರ್ಚ್ ಕೊನೆಯ ಲೆಕ್ಕವೂ ಕಾಯದು. ಆದರೆ ಕೆಲಸ ನಿಲ್ಲದಿರುವುದು ಬೇರೆ, ಒಬ್ಬನೇ ನಿಲ್ಲದೆ ದುಡಿಯುವುದು ಬೇರೆ. ಆ ವಾರಗಳಿಗೆ ಇನ್ನೊಂದು ಕೈಯನ್ನು ಸೇರಿಸಬಹುದು. ಮುಗಿದ ಮೇಲೆ ಕೇಳದೆಯೇ ರಜೆ ಕೊಡಬಹುದು. ನಮ್ಮ ಹೊಲದಲ್ಲಿ ಖೋಪಿ ಹಾಕಿಕೊಂಡಿರುವ ಕಬ್ಬು ಕಡಿಯುವವರನ್ನು, ಗಾಡಿ ಬಂದಿತೆಂದು ನಡುರಾತ್ರಿಯಲ್ಲಿ ಎಬ್ಬಿಸುವ ಮುನ್ನ ಅವರು ಎಷ್ಟು ಹೊತ್ತಿಗೆ ಮಲಗಿದರೆಂದು ಮುಕಾದಮನನ್ನು ಕೇಳಬಹುದು. ಅವರು ನಮ್ಮ ಆಳುಗಳಲ್ಲ, ಮುಕಾದಮನ ಟೋಳಿಯವರೆಂದು ಜಾರಿಕೊಳ್ಳುವುದು ಪ್ರೇಷ್ಯಪ್ರಯೋಗದ ಇನ್ನೊಂದು ರೂಪ.

ಬಸದಿಗಳ ವಿಶ್ವಸ್ತ ಮಂಡಳಿಗಳಿಗೆ ವಿಶೇಷವಾಗಿ ಬಿನ್ನವಿಸಬೇಕಾಗಿದೆ. ದಶಲಕ್ಷಣ ಪರ್ವದಲ್ಲಿ ನಾವೆಲ್ಲರೂ ವ್ಯವಹಾರವನ್ನು ಬದಿಗಿಟ್ಟು ಧರ್ಮಧ್ಯಾನದಲ್ಲಿರುತ್ತೇವೆ. ಅದೇ ದಿನಗಳಲ್ಲಿ ಉಪಾಧ್ಯೆಯವರು, ಅಡುಗೆಯವರು, ಕಾವಲುಗಾರರು, ಕಸಗುಡಿಸುವವರು ವರ್ಷದಲ್ಲೇ ಅತ್ಯಂತ ಹೆಚ್ಚು ದುಡಿಯುತ್ತಾರೆ. ಒಬ್ಬರೇ ಉಪಾಧ್ಯೆಯವರಿರುವ ಬಸದಿಗಳಲ್ಲಿ ಅವರ ಮನೆಯಲ್ಲಿ ಜ್ವರವೇ ಬರಲಿ, ಮದುವೆಯೇ ಇರಲಿ, ಪೂಜೆಗೆ ಅವರೇ ನಿಲ್ಲಬೇಕು. ನೆರೆಯ ಎರಡು ಊರುಗಳ ಮಂಡಳಿಗಳು ಮಾತಾಡಿಕೊಂಡರೆ ತಿಂಗಳಿಗೆ ಎರಡು ದಿನವಾದರೂ ಒಬ್ಬರಿಗೊಬ್ಬರು ಒದಗುವ ಸರದಿಯನ್ನು ಏರ್ಪಡಿಸುವುದು ಕಷ್ಟವಲ್ಲ. ಶ್ರಾವಕರೇ ಪೂಜಾವಿಧಿಯನ್ನು ಕಲಿತು ಆ ದಿನಗಳಲ್ಲಿ ನಿಲ್ಲುವುದು ಇನ್ನೂ ಉತ್ತಮ. ವಾರ್ಷಿಕ ವರದಿಯಲ್ಲಿ ದೇಣಿಗೆಯ ಪಟ್ಟಿಯ ಜೊತೆಗೆ, ಸಿಬ್ಬಂದಿಗೆ ಆ ವರ್ಷ ಎಷ್ಟು ರಜೆ ಸಂದಿತೆಂಬ ಒಂದು ಸಾಲನ್ನೂ ಮುದ್ರಿಸಲಿ. ಆ ಸಾಲನ್ನು ಓದಿಯೇ ಮಂಡಳಿಯ ಅಹಿಂಸೆಯನ್ನು ಅಳೆಯಬಹುದು.

ಇವೆಲ್ಲಕ್ಕೂ ಮೊದಲು ಒಡೆಯನು ತನಗೇ ಮೇರೆ ಹಾಕಿಕೊಳ್ಳಬೇಕು. ರಾತ್ರಿ ಹನ್ನೊಂದಕ್ಕೆ ಏನೋ ನೆನಪಾಗಿ ವಾಟ್ಸಾಪಿನಲ್ಲಿ ಒಂದು ಸಾಲು ಕಳುಹಿಸಿ, ‘ನಾಳೆ ನೋಡಿದರೂ ನಡೆದೀತು’ ಎಂದು ಸೇರಿಸಿದರೆ ಆಯಿತೆ? ಓದಿದವನ ಮನಸ್ಸು ಆಗಲೇ ಅಂಗಡಿಗೆ ಹೋಗಿ ಮುಟ್ಟಿರುತ್ತದೆ. ಅದು ಶಬ್ದಾನುಪಾತವೋ ಪುದ್ಗಲಕ್ಷೇಪವೋ ಪಂಡಿತರು ನಿರ್ಣಯಿಸಲಿ. ನಾನಂತೂ ಅಂಥ ಸಾಲುಗಳನ್ನು ಈಗ ಒಂದು ಚೀಟಿಯಲ್ಲಿ ಬರೆದಿಟ್ಟು ಬೆಳಿಗ್ಗೆ ಹೇಳುತ್ತೇನೆ. ಬೆಳಗಾಗುವ ಹೊತ್ತಿಗೆ ಅವುಗಳಲ್ಲಿ ಅರ್ಧದಷ್ಟು ಹೇಳಬೇಕಾದವೇ ಅಲ್ಲವೆಂದು ಕಂಡುಬರುತ್ತದೆ.

ಅನಂತ ಚತುರ್ದಶಿ ಕಳೆದು ಕ್ಷಮಾವಣಿಯ ದಿನ ನಾವು ಬಂಧುಬಾಂಧವರಲ್ಲಿ ಕ್ಷಮೆ ಬೇಡುತ್ತೇವೆ. ಕಳೆದ ವರ್ಷ ನಾನು ಆ ದಿವಾನಜಿಯವರ ಮನೆಗೆ ಹೋಗಿದ್ದೆ. ಸೂರ್ಯ ಮುಳುಗುವ ಹೊತ್ತಾಗಿತ್ತು. ಅವರು ಆಗತಾನೆ ಊಟ ಮುಗಿಸಿ ಕೈತೊಳೆಯುತ್ತಿದ್ದರು. ನಾನು ಬೇಡಬೇಕಾದುದನ್ನು ಬೇಡಿದೆ. ಅವರು ಕ್ಷಮಿಸಿದರು. ಕಳೆದುಹೋದ ಇಪ್ಪತ್ತು ವರ್ಷಗಳ ಸಂಜೆಗಳನ್ನು ಹಿಂದಿರುಗಿಸುವ ಉಪಾಯವು ನನ್ನಲ್ಲಿರಲಿಲ್ಲ. ಇಂದು ಗಲ್ಲಾದ ಮೇಲೆ ಕುಳಿತಿರುವ ತರುಣ ಶ್ರಾವಕರಲ್ಲಿ ಆ ಉಪಾಯವಿದೆ. ಅವರ ಅಂಗಡಿಯಲ್ಲಿ ದುಡಿಯುವವರ ಸಂಜೆಗಳು ಇನ್ನೂ ಕಳೆದಿಲ್ಲ.